ಪರದೆಯ ಮೇಲಿನ ಹಳದಿ ಚೀಟಿಗಳು

ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಕಂಪ್ಯೂಟರಿನ ಮುಂದೆ ಕುಳಿತೆ. ಜಾತಿ ಪ್ರಮಾಣಪತ್ರದ ಪುಟ ತೆರೆದೆ. ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಹಳದಿ ಚೀಟಿ ಇರಬೇಕಿತ್ತು. ಇರಲಿಲ್ಲ. ಪಹಣಿಯ ಪುಟ ತೆರೆದೆ, ಅಲ್ಲೂ ಇಲ್ಲ. ಪಿಂಚಣಿಯದು, ರೇಷನ್ ಕಾರ್ಡಿನದು, ಎಲ್ಲ ಬೋಳಾಗಿದ್ದವು. ಹೆಂಡತಿ ಸತ್ತಾಗ ಇವನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ ಎಂದು ನಮ್ಮ ಕಡೆಯ ಹೆಂಗಸರು ಆಡಿಕೊಂಡಿದ್ದರು. ಚೀಟಿ ಕಾಣದ ಆ ಬೆಳಿಗ್ಗೆ ಮಾತ್ರ ಬಾಗಿಲನ್ನು ಅರ್ಧ ಮುಚ್ಚಿಕೊಳ್ಳಬೇಕಾಯಿತು.

ನಮ್ಮದು ಕಳ್ಳಂಬೆಳ್ಳದಲ್ಲಿ ಒಂದು ಆನ್‌ಲೈನ್ ಸೆಂಟರ್. ಸೆಂಟರ್ ಅಂದರೆ ಮನೆಯ ಮುಂದಿನ ಕೋಣೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಜನ ಕೂರಲು ಒಂದು ಬೆಂಚು. ನಡೆಸುತ್ತಿದ್ದವಳು ನನ್ನ ಹೆಂಡತಿ. ನಾನು ಗೂಡ್ಸ್ ಆಟೊ ಓಡಿಸುತ್ತಿದ್ದೆ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವನು, ಕುರಿಗಳನ್ನೇ ತುಂಬಿಕೊಂಡು ಮಧುಗಿರಿ, ಕೊರಟಗೆರೆ ಅಂತ ಸಂತೆಗಳಿಗೆ ತಿರುಗುತ್ತಿದ್ದೆ. ಹತ್ತನೇ ತರಗತಿಯವರೆಗೆ ಓದಿದ್ದೇನೆ. ಅವಳು ಪಾವಗಡದ ಕಡೆಯವಳು, ಪಿಯುಸಿ ಮುಗಿಸಿದ್ದಳು. ಕಂಪ್ಯೂಟರನ್ನು ಅಲ್ಲೇ ಯಾರದೋ ಅಂಗಡಿಯಲ್ಲಿ ಕೆಲಸಕ್ಕಿದ್ದು ಕಲಿತಿದ್ದಳು.

ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಮಧುಗಿರಿಯಲ್ಲಿ ಸ್ಕ್ಯಾನಿಂಗ್ ಮಾಡಿದವರು ಹೇಳಿದರು. ಅದು ಎಂಥ ಗಡ್ಡೆ ಎಂದು ತುಮಕೂರಿನಲ್ಲಿ ಹೇಳಿದರು. ಆಮೇಲೆ ನಾನು ಆಟೊ ನಿಲ್ಲಿಸಿ ಅಂಗಡಿಯಲ್ಲಿ ಕುಳಿತೆ. ಅವಳು ಒಳಗೆ ಮಲಗಲು ಒಪ್ಪಲಿಲ್ಲ. ಮಂಚವನ್ನು ಅಂಗಡಿಗೇ ಹಾಕಿಸಿಕೊಂಡಳು. ಬಂದವರನ್ನು ನೋಡುತ್ತಿದ್ದರೆ ನೋವು ತಿಳಿಯುವುದಿಲ್ಲ ಎನ್ನುತ್ತಿದ್ದಳು. ನಿಜವಾದ ಕಾರಣ ಅದಲ್ಲ. ನಾನು ತಪ್ಪು ಮಾಡುವುದನ್ನು ಹಿಡಿಯಬೇಕಿತ್ತು ಅವಳಿಗೆ.

ಅವಳು ಆಸ್ಪತ್ರೆಯಲ್ಲಿ ದಿನಗಟ್ಟಲೆ ಉಳಿಯಬೇಕಾದಾಗ ಮಂಚದಿಂದ ಕೂಗಿ ಹೇಳುವುದಕ್ಕೆ ಆಗುತ್ತಿರಲಿಲ್ಲ. ಅದಕ್ಕೆ ಈ ಚೀಟಿಗಳು ಹುಟ್ಟಿದವು. ಇಂಟರ್ನೆಟ್ ನೋಡಲು ಬಳಸುವ ಬ್ರೌಸರಿಗೆ ನಮಗೆ ಬೇಕಾದ ಸಣ್ಣಪುಟ್ಟ ಸಾಮಾನುಗಳನ್ನು ಸೇರಿಸಿಕೊಳ್ಳಬಹುದು. ಎಕ್ಸ್‌ಟೆನ್ಷನ್ ಅನ್ನುತ್ತಾರೆ. ಕನ್ನಡ ಟೈಪ್ ಮಾಡುವುದಕ್ಕೆ ಒಂದು, ಜಾಹೀರಾತು ತಡೆಯುವುದಕ್ಕೆ ಒಂದು, ಹೀಗೆ ಅವಳು ಹಲವು ಹಾಕಿಕೊಂಡಿದ್ದಳು. ಅದರಲ್ಲಿ ಒಂದು ಚೀಟಿ ಅಂಟಿಸುವುದು. ಯಾವ ಪುಟದ ಮೇಲೆ ಚೀಟಿ ಅಂಟಿಸಿ ಬರೆದರೂ ಮತ್ತೆ ಆ ಪುಟ ತೆರೆದಾಗಲೆಲ್ಲ ಅದು ಅಲ್ಲೇ ಇರುತ್ತದೆ. ಸ್ವಲ್ಪ ಚೇತರಿಸಿಕೊಂಡ ದಿನಗಳಲ್ಲಿ ಅವಳು ಕುಳಿತು ಒಂದೊಂದು ಪುಟಕ್ಕೂ ಚೀಟಿ ಅಂಟಿಸಿದಳು. ಪಾವಗಡದ ಮಾತು, ಅರ್ಧ ತೆಲುಗು. ಮಾತಾಡಿದ ಹಾಗೇ ಬರೆದಿದ್ದಳು.

ಆದಾಯ ಪತ್ರದ ಪುಟದಲ್ಲಿ: "ಏಮಯ್ಯಾ, ಮೊದ್ಲು ಅವ್ರ ರೇಷನ್ ಕಾರ್ಡ್ ಇಸ್ಕೊ. ಆಮೇಲೆ ಮಾತಾಡು. ನೀನು ಮಳೆ ಬೆಳೆ ವಿಚಾರಿಸ್ತಾ ಕೂತ್ರೆ ಪೇಜು ಮುಚ್ಕೊಂತದೆ."

ಪಹಣಿಯ ಪುಟದಲ್ಲಿ: "ಸರ್ವೆ ನಂಬರ್ ಸಾಲ್ದು, ಹಿಸ್ಸಾ ಕೇಳು. ಹಿಸ್ಸಾ ಅಂದ ಕೂಡ್ಲೇ ಅಣ್ಣತಮ್ಮಂದ್ರ ಜಗಳದ ಕತೆ ತೆಗೀತಾರೆ. ನೀನು ನ್ಯಾಯ ಹೇಳಾಕೆ ಹೋಗ್ಬ್ಯಾಡ."

ಫೋಟೊ ಹಾಕುವ ಜಾಗದಲ್ಲಿ: "ದೊಡ್ಡದಾಯ್ತು ಅಂತ ಕೆಂಪಗೆ ಬಂದ್ರೆ ಗಾಬರಿ ಬ್ಯಾಡ. ಕಮ್ಮಿ ಮಾಡು. ಫೋಟೊ ಕಣಯ್ಯಾ, ನಿನ್ನ ಮೀಸೆ ಅಲ್ಲ."

ಬೆಂಚಿನ ಮೇಲೆ ಕೂತವರಿಗೆ ಅದು ಕಾಣುತ್ತಿತ್ತು. ಓದಲು ಬರುವವರು ಗಟ್ಟಿಯಾಗಿ ಓದಿ ನಗುತ್ತಿದ್ದರು. ಅವಳು ತುಮಕೂರಿನ ಹಾಸಿಗೆಯ ಮೇಲಿರುತ್ತಿದ್ದಳು, ಇಲ್ಲಿ ಅವಳಿಂದ ನಾನು ಬೈಸಿಕೊಳ್ಳುತ್ತಿದ್ದೆ.

ಅವಳು ಹೋದದ್ದು ಆ ಮಂಚದ ಮೇಲೇ, ಮಧ್ಯಾಹ್ನ. ನಾನು ಒಬ್ಬರು ಮುದುಕರ ಪಿಂಚಣಿಯ ಅರ್ಜಿ ತುಂಬುತ್ತಿದ್ದೆ. ನಮ್ಮಲ್ಲಿ ಜೀವ ಹೋದ ಜಾಗದಲ್ಲಿ ತಿಥಿಯವರೆಗೆ ದೀಪ ಆರಬಾರದು. ಚನ್ನರಾಯನದುರ್ಗದ ಪಕ್ಕದ ಹಳ್ಳಿಗೆ ಕೊಟ್ಟಿರುವ ನಮ್ಮ ಅಕ್ಕ ಬಂದು ದೀಪ ಹಚ್ಚಿದಳು. "ಈ ಜಾಗದಾಗೆ ಉರಿಯೋದು ಯಾವುದ್ನೂ ಆರಿಸ್ಬುಡಬೇಡ್ರಪ್ಪ" ಎಂದು ಬಂದವರಿಗೆಲ್ಲ ಹೇಳಿದಳು. ನೆಂಟರಲ್ಲೊಬ್ಬರು ಕಂಪ್ಯೂಟರ್ ಬಂದ್ ಮಾಡಲು ಕೈ ಹಾಕಿದಾಗ ನನ್ನ ಅತ್ತೆ ತಡೆದರು. ಮಗಳು ಬದುಕಿದ್ದಾಗ ಅದರ ಬೆಳಕು ಅವಳ ಮುಖದ ಮೇಲೆ ಬೀಳುತ್ತಿದ್ದುದನ್ನು ಅವರು ನೋಡಿದ್ದರು.

"ಅದೂ ಬೆಳಕೇ ಕದಾ ನಾಯ್ನಾ," ಅಂದರು. "ಉಂಡನಿ."

ಇರಲಿ ಬಿಡು ಎಂದರ್ಥ. ತಿಥಿಯವರೆಗೆ ಎಣ್ಣೆಯ ದೀಪವೂ ಉರಿಯಿತು, ಕಂಪ್ಯೂಟರೂ ಉರಿಯಿತು. ದೀಪಕ್ಕೆ ಎಣ್ಣೆ ಹಾಕುವವರು ಕಂಪ್ಯೂಟರಿನ ಕಡೆಗೂ ಒಂದು ಸಲ ನೋಡಿ ಹೋಗುತ್ತಿದ್ದರು. ಕರೆಂಟು ಹೋಗಿ ಯುಪಿಎಸ್ ಕೂಗಿಕೊಂಡಾಗ ಅತ್ತೆ ಕೈಮುಗಿಯುತ್ತಿದ್ದರು. ಅಂಗಡಿ ನಡೆಯುತ್ತಿದ್ದಾಗ ಕಂಪ್ಯೂಟರಿಗೆ ಬಿಡುವು ಎಂಬುದೇ ಇರಲಿಲ್ಲ. ಅಪ್‌ಡೇಟ್ ಮಾಡಲೇ ಎಂದು ಕೇಳಿದಾಗಲೆಲ್ಲ ಅವಳು ಆಮೇಲೆ ಎಂದು ಒತ್ತುತ್ತಿದ್ದಳು. ಈಗ ಕೇಳಿದಾಗ ಬೇಡ ಎನ್ನುವವರು ಯಾರೂ ಇರಲಿಲ್ಲ. ಹೊಸದೆಲ್ಲವನ್ನೂ ಇಳಿಸಿಕೊಂಡಿತು, ತಾನೇ ಒಮ್ಮೆ ಆರಿ ತಾನೇ ಹೊತ್ತಿಕೊಂಡಿತು. ನಾವು ದೀಪ ಕಾಯುತ್ತಿದ್ದೇವೆ ಎಂದುಕೊಂಡಿದ್ದೆವು.

ಬಂದ್ ಮಾಡಿದ್ದರೂ ಅಪ್‌ಡೇಟ್ ಯಾವತ್ತಾದರೂ ಬರುತ್ತಿತ್ತು, ಗೊತ್ತು. ಆದರೂ ಅಕ್ಕನ ಮೇಲೂ ಅತ್ತೆಯ ಮೇಲೂ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ಸಾವಿನ ಮನೆಯಲ್ಲಿ ಎಲ್ಲರಿಗೂ ಒಂದೊಂದು ಶಾಸ್ತ್ರ ಗೊತ್ತಿರುತ್ತದೆ. ಅದರ ನಷ್ಟ ಯಾರ ಪಾಲಿಗೆ ಬರುತ್ತದೆಂದು ಕೇಳಲು ಯಾರೂ ನಿಲ್ಲುವುದಿಲ್ಲ.

ಚೀಟಿ ಇಲ್ಲದೆ ನನಗೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ಬಹುಪಾಲು ಕೈಗೆ ಹತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದೇ ಒಂದು ಪುಟದ ಚೀಟಿ, ಮರಣ ಪತ್ರದ ಪುಟದ್ದು. ಅವಳು ಮನೆಯಲ್ಲೇ ತೀರಿಕೊಂಡದ್ದರಿಂದ ಅರ್ಜಿ ನಾನೇ ಹಾಕಬೇಕಿತ್ತು. ಕಾಯಿಲೆಯ ತಿಂಗಳುಗಳಲ್ಲಿ ಯಾರಾದರೂ ಮರಣ ಪತ್ರಕ್ಕೆ ಬಂದರೆ ಅವಳು ನನ್ನನ್ನು ಚಹಾ ತರಲು ಕಳಿಸಿ ತಾನೇ ಎದ್ದು ಕೂತು ಮಾಡುತ್ತಿದ್ದಳು. ಹಾಗಾಗಿ ಆ ಪುಟವನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ. ನಮ್ಮ ಸೆಂಟರಿನಲ್ಲಿ ಯಾರೂ ಕೇಳದಂಥ ಅರ್ಜಿಗಳಿಗೂ ಅವಳು ಚೀಟಿ ಅಂಟಿಸಿದ್ದಳು. ಬಂದೂಕಿನ ಲೈಸೆನ್ಸಿಗೂ ಒಂದಿತ್ತು: "ಇದು ಕೇಳಿದೋನ್ನ ಕೂರಿಸ್ಬ್ಯಾಡ, ಕಳ್ಸು." ಅಂಥವಳು ಆ ಪುಟವನ್ನು ಬಿಟ್ಟಿರುತ್ತಾಳೆಯೇ? ನಾನು ಅವಳ ಹೆಸರನ್ನು ಅಲ್ಲಿ ತುಂಬಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡೇ ಹೇಳಿದ್ದರು. ಅಲ್ಲಿ ನನಗಾಗಿ ಏನಾದರೂ ಬರೆದಿರುತ್ತಾಳೆ ಎಂದು ನನ್ನ ನಂಬಿಕೆ. ಬೈಗುಳವೇ ಇರಲಿ, ಅದನ್ನು ಓದಿಕೊಂಡು ಅರ್ಜಿ ಹಾಕಬೇಕೆಂದು ಕಾದಿದ್ದೆ. ತಿಥಿಯ ನೆಂಟರೆಲ್ಲ ಹೋಗಲಿ ಎಂದು ಸುಮ್ಮನಿದ್ದೆ.

ಈಗ ಚೀಟಿಗಳೇ ಇಲ್ಲ.

ಅಕ್ಕ ಇನ್ನೂ ಹೋಗಿರಲಿಲ್ಲ. ವಿಷಯ ಕೇಳಿ ಅವಳಿಗೆ ಒಂದು ಥರ ಸಮಾಧಾನವೇ ಆಯಿತು.

"ಹೋಗ್ಲಿ ಬುಡ್ಲಾ. ಸತ್ತೋರ ಬಟ್ಟೆನೇ ಮನೇಲಿ ಮಡಗಾಕಿಲ್ಲ. ಮಾತು ಮಡಿಕ್ಕಂಡು ಕೂತ್ರೆ ಅವಳ್ಗೆ ಹೆಂಗೆ ದಾರಿ ಸಿಕ್ಕೀತು?"

"ಬಟ್ಟೆ ನೀನೇ ಹಂಚ್ದೆ. ನಾನೇನಾದ್ರೂ ಅಂದ್ನಾ?"

"ಅಂದಿದ್ರೆ ಚೆಂದಾಗಿರ್ತಿತ್ತು. ಕಲ್ಲು ಕೂತಂಗೆ ಕೂತಿದ್ದೆ." ಅಷ್ಟಕ್ಕೇ ಬಿಡದೆ, "ಮರಣ ಪತ್ರ ಬರೆದಾಕ್ದಾ?" ಅಂದಳು.

"ಹಾಕ್ತೀನಿ."

"ಊರಿಗೆಲ್ಲ ಮಾಡ್ಕೊಡ್ತೀಯ. ನಿಮ್ಮನೇದೇ ಆಗಿಲ್ಲ ಅಂತ ಜನ ನಗಲ್ವೇನ್ಲಾ?"

ಜನ ನಗುತ್ತಿರಲಿಲ್ಲ. ಕೇಳುತ್ತಿದ್ದರು, ಅಷ್ಟೆ. ಪಹಣಿಗೆ ಬಂದವರು, ಫೋಟೊಕಾಪಿಗೆ ಬಂದವರು, ಎಲ್ಲರೂ ಕೊನೆಗೆ ಅದನ್ನೇ ಕೇಳಿ ಹೋಗುತ್ತಿದ್ದರು. ರೇಷನ್ ಕಾರ್ಡಿನಲ್ಲಿ ಅವಳ ಹೆಸರು ತೆಗೆಸಬೇಕು, ಬ್ಯಾಂಕಿಗೆ ಕೊಡಬೇಕು, ಬೇಗ ಮಾಡಿ ಎಂದು ಬುದ್ಧಿ ಹೇಳುತ್ತಿದ್ದರು. ಅವರಿಗೆಲ್ಲ ನಾನೇ ಆ ಮಾತು ಹೇಳಿ ಕಳಿಸಿದ್ದವನು. ನನ್ನ ಮಾತು ನನಗೇ ಅಷ್ಟು ಒರಟಾಗಿ ಕೇಳಿಸುತ್ತದೆಂದು ಗೊತ್ತಿರಲಿಲ್ಲ.

ಚೀಟಿ ಮಾತ್ರವಲ್ಲ, ಕನ್ನಡ ಟೈಪಿಂಗೂ ಕೆಟ್ಟಿತ್ತು. ಒಂದು ಅಕ್ಷರ ಒತ್ತಿದರೆ ಎರಡೆರಡು ಬೀಳುತ್ತಿದ್ದವು. ಇದು ಒಳ್ಳೆಯದೇ ಆಯಿತು. ಸಿರಾದ ರಿಪೇರಿ ಅಂಗಡಿಯಲ್ಲಿ ಹೇಳಿಕೊಳ್ಳಲು ಒಂದು ಮರ್ಯಾದೆಯ ಕಾರಣ ಸಿಕ್ಕಿತು. ಸಿಪಿಯು ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿ ಬೈಕಿನ ಹಿಂದೆ ಕಟ್ಟಿಕೊಂಡು ಹೋದೆ.

ರಿಪೇರಿಯವರು ನನ್ನ ವಯಸ್ಸಿನವರೇ. ಬಹಳ ವರ್ಷಗಳಿಂದ ನಮ್ಮ ಪ್ರಿಂಟರ್ ನೋಡುತ್ತಿದ್ದವರು. ಅವರಿಗೆ ಸಾವಿನ ಸುದ್ದಿ ಮುಟ್ಟಿರಲಿಲ್ಲ.

"ಏನ್ ಭಾಯ್, ಕುರಿಮರಿ ಹೊದಿಸ್ಕೊಂಡ್ ಬಂದಂಗೆ ತಂದಿದೀರ. ಮೇಡಂ ಕಳಿಸಿದ್ರಾ? ಅವ್ರಿಗೇ ಬರ್ತಿತ್ತಲ್ಲ ಇದೆಲ್ಲ."

"ಕನ್ನಡ ಎರಡೆರಡು ಬೀಳ್ತಿದೆ," ಅಂದೆ.

ಅವರು ಡಬ್ಬಿಗೆ ತಂತಿ ಚುಚ್ಚಿ ನೋಡಿದರು. ಅಪ್‌ಡೇಟ್ ಆದಾಗ ಕಂಪ್ಯೂಟರೇ ತನ್ನದೊಂದು ಕನ್ನಡ ಕೀಲಿಮಣೆ ತಂದು ಕೂರಿಸಿಕೊಂಡಿದೆ, ಮೊದಲಿನ ಟೈಪಿಂಗ್ ಎಕ್ಸ್‌ಟೆನ್ಷನ್ನೂ ಹಾಗೇ ಇದೆ, ಎರಡೂ ಒಂದೇ ಬೆರಳನ್ನು ಹಿಡಿದು ಎಳೆಯುತ್ತಿವೆ ಅಂದರು. ಒಂದನ್ನು ಬಂದ್ ಮಾಡಿದರು. ಸರಿಹೋಯಿತು. ಆಮೇಲೆ ಬ್ರೌಸರಿನ ಎಕ್ಸ್‌ಟೆನ್ಷನ್ ಪುಟ ತೆಗೆದು ನಾಲಿಗೆ ಲೊಚಗುಟ್ಟಿದರು.

"ಅರೆ, ಎಷ್ಟ್ ತುಂಬ್ಸಿದೀರ. ಅಪ್‌ಡೇಟ್ ಆದ್ಮೇಲೆ ಹಳೇವು ಹೊಸಾವು ಹೊಡ್ದಾಡ್ತವೆ. ಎಲ್ಲ ತೆಗ್ದು ಸಾಫ್ ಮಾಡಿ ಹೊಸದಾಗಿ ಹಾಕ್ಬಿಡ್ತೀನಿ. ಇದ್ ನೋಡಿ, ಚೀಟಿ ಅಂಟ್ಸೋದು. ಬಹುತ್ ಪುರಾನಾ. ಬೇಕಾರ್. ತೆಗೀತೀನಿ."

ಬಾಣದ ಗುರುತು 'ತೆಗೆದುಹಾಕು' ಎಂಬುದರ ಮೇಲೆ ಹೋಗಿ ನಿಂತಿತ್ತು. ನಾನು ಅವರ ಮಣಿಕಟ್ಟು ಹಿಡಿದುಕೊಂಡುಬಿಟ್ಟೆ. ಅವರು ಕೈಯನ್ನೂ ನೋಡಿದರು, ನನ್ನನ್ನೂ ನೋಡಿದರು.

"ಅದ್ರಲ್ಲಿ ಅವಳು ಬರ್ದಿದ್ದು ಐತೆ," ಅಂದೆ. "ಅವಳು ಹೋಗ್ಬಿಟ್ಳು."

ಕೈ ಹಿಂದಕ್ಕೆ ತೆಗೆದುಕೊಂಡರು. ದೇವರು ಒಳ್ಳೆಯದು ಮಾಡಲಿ ಎಂದು ಉರ್ದುವಿನಲ್ಲಿ ಏನೋ ಅಂದರು. ಇನ್ನೊಬ್ಬ ಗಿರಾಕಿ ಬಂದು ಲ್ಯಾಪ್‌ಟಾಪ್ ಮುಂದಿಟ್ಟ. ಅವರು ದನಿ ತಗ್ಗಿಸಿ ಬೇಗ ಬೇಗ ಹೇಳಿದರು. ಎಕ್ಸ್‌ಟೆನ್ಷನ್ ತೆಗೆದುಹಾಕಿದರೆ ಅದರೊಳಗಿನ ಬರಹವೂ ಹೋಗುತ್ತದೆ. ಬಂದ್ ಮಾಡಿದರೆ ಹೋಗುವುದಿಲ್ಲ. ಅದು ಬಂದ್ ಆಗಿಯೂ ಇಲ್ಲ, ಆನ್ ಆಗಿಯೇ ಇದೆ. ಹಾಗಾದರೆ ಬೇರೆ ಯಾವುದೋ ಅದನ್ನು ಮುಚ್ಚುತ್ತಿರಬೇಕು. ಅದು ಯಾವುದೆಂದು ಹುಡುಕಬೇಕಾದರೆ ಎಲ್ಲವನ್ನೂ ಬಂದ್ ಮಾಡಿ ಒಂದೊಂದೇ ಆನ್ ಮಾಡುತ್ತಾ, ಪ್ರತಿ ಸಲವೂ ಪುಟವನ್ನು ಮತ್ತೆ ತೆರೆದು ನೋಡಬೇಕು.

"ಟೈಮ್ ಹಿಡಿತದೆ. ನನಗ್ ಆಗಲ್ಲ ಭಾಯ್, ನೋಡ್ತಿದೀರಲ್ಲ. ಮನೇಲಿ ಕೂತ್ಕೊಂಡ್ ಮಾಡಿ. ಬಂದ್ ಮಾಡೋದು ಒಂದು, ತೆಗೆಯೋದು ಒಂದು. ಅದೊಂದ್ ಕೈತಪ್ಬೇಡಿ."

ವಾಪಸು ಬರುವಾಗ ಹೆದ್ದಾರಿಯಲ್ಲಿ ಹಿಂದೆ ಬರುವ ಲಾರಿಗಳಿಗೆ ದಾರಿ ಬಿಟ್ಟು ಬಿಟ್ಟು ಬಂದೆ. ಡಬ್ಬಿ ಬಿದ್ದೀತೆಂದು ಭಯ. ಅವಳನ್ನು ತುಮಕೂರಿನಿಂದ ಕರೆತಂದಾಗಲೂ ಹೀಗೇ ಬಂದಿದ್ದೆ, ಕಾರು ಬೇಡವೆಂದು ಹಟ ಹಿಡಿದು ನನ್ನ ಆಟೊದಲ್ಲೇ ಕೂತಿದ್ದಳು. ಆವತ್ತು ಕಾಪಾಡಿ ತಂದದ್ದರಿಂದ ಏನು ಬಂತು?

ಒಂದೊಂದೇ ಬಿಟ್ಟು ನೋಡುವ ಕೆಲಸ ನನಗೆ ಹೊಸದಲ್ಲ. ನಮ್ಮ ತಂದೆ ಕುರಿಯ ರೊಪ್ಪದಲ್ಲಿ, ಅಂದರೆ ಮುಳ್ಳುಬೇಲಿಯ ದೊಡ್ಡಿಯಲ್ಲಿ, ಅದನ್ನೇ ಮಾಡುತ್ತಿದ್ದರು. ಮಂದೆಯೊಳಗಿಂದ ಕೆಮ್ಮು ಕೇಳಿಸುತ್ತದೆ, ಯಾವ ಕುರಿ ಎಂದು ತಿಳಿಯುವುದಿಲ್ಲ. ಆಗ ಎಲ್ಲವನ್ನೂ ಹೊರಕ್ಕೆ ಹೊಡೆಯಬೇಕು. ಮತ್ತೆ ಒಂದನ್ನು ಒಳಕ್ಕೆ ಬಿಟ್ಟು ಸುಮ್ಮನೆ ನಿಲ್ಲಬೇಕು. ಕೆಮ್ಮಿಲ್ಲವೇ, ಇನ್ನೊಂದನ್ನು ಬಿಡಬೇಕು. ಅವಸರಕ್ಕೆ ಎರಡೆರಡು ಬಿಟ್ಟರೆ ಮೊದಲಿಂದ ಮಾಡಬೇಕು. ತಂದೆ ಹಾಗೆ ನಿಂತಾಗ ಬೀಡಿಯನ್ನೂ ಸೇದುತ್ತಿರಲಿಲ್ಲ.

ಮಾರನೆಯ ದಿನ ಬೆಂಚು ಖಾಲಿಯಾದಾಗ ಎಲ್ಲವನ್ನೂ ಬಂದ್ ಮಾಡಿದೆ. ಪ್ರತಿಯೊಂದಕ್ಕೂ ಪಕ್ಕದಲ್ಲಿ ಒಂದು ಸಣ್ಣ ಗುಂಡಿ. ಒತ್ತಿದರೆ ನೀಲಿ ಹೋಗಿ ಬೂದಿ ಬಣ್ಣವಾಗುತ್ತದೆ. 'ತೆಗೆದುಹಾಕು' ಎಂಬುದು ಅದರ ಮಗ್ಗುಲಲ್ಲೇ ಇದೆ. ಯಾರು ಇಟ್ಟರೋ ಅದನ್ನು ಅಷ್ಟು ಹತ್ತಿರ. ಬೆವರಿದ ಬೆರಳನ್ನು ಪಂಚೆಗೆ ಒರೆಸಿಕೊಂಡು ಒರೆಸಿಕೊಂಡು ಒತ್ತಿದೆ. ಎಲ್ಲ ಬೂದಿಯಾದ ಮೇಲೆ ಚೀಟಿಯದೊಂದನ್ನೇ ಆನ್ ಮಾಡಿ ಆದಾಯ ಪತ್ರದ ಪುಟ ತೆರೆದೆ.

"ಏಮಯ್ಯಾ, ಮೊದ್ಲು ಅವ್ರ ರೇಷನ್ ಕಾರ್ಡ್ ಇಸ್ಕೊ."

ಅಷ್ಟು ದಿನ ಅದು ಅಲ್ಲೇ ಇತ್ತು. ಏನೂ ಆಗಿರಲಿಲ್ಲ ಎನ್ನುವ ಹಾಗೆ ಬೈಯುತ್ತಿತ್ತು.

ಒಳಗೆ ಸೊಪ್ಪು ಬಿಡಿಸುತ್ತಿದ್ದ ಅತ್ತೆಯನ್ನು ಕೂಗಿದೆ. ಅವರಿಗೆ ಓದಲು ಬಾರದು. ತಿಥಿಯಾದ ಮೇಲೂ ಊರಿಗೆ ಹೋಗದೆ ನನ್ನ ಊಟಕ್ಕೆಂದು ಉಳಿದಿದ್ದರು. ಹಳದಿ ಬಣ್ಣವನ್ನು ಗುರುತು ಹಿಡಿದರು. ನನ್ನ ಹಿಂದೆ ಬಂದು ನಿಂತು, "ಚದುವು," ಅಂದರು, ಓದು ಎಂದು. ಓದಿದೆ.

"ನನ್ಗೂ ಇಂಗೇ ಬೈತಿತ್ತು," ಅಂದರು. ಮತ್ತೆ ಒಳಗೆ ಹೋಗಲಿಲ್ಲ. ಬೆಂಚಿನ ಮೇಲೆ ಕೂತರು.

ಆಗಲೇ ಮರಣ ಪತ್ರದ ಪುಟ ತೆರೆಯಬಹುದಿತ್ತು. ತೆರೆಯಲಿಲ್ಲ. ಕೆಮ್ಮುವ ಕುರಿ ಯಾವುದೆಂದು ತಿಳಿಯದೆ ಬೇಲಿ ಮುಚ್ಚಬಾರದು ಎಂದು ನೆಪ ಹೇಳಿಕೊಂಡೆ. ಟೈಪಿಂಗನ್ನು ಆನ್ ಮಾಡಿದೆ, ಚೀಟಿ ಇತ್ತು. ಪುಟದ ಚಿತ್ರ ತೆಗೆಯುವುದನ್ನು ಆನ್ ಮಾಡಿದೆ, ಇತ್ತು. ಇಂಗ್ಲಿಷ್ ಪುಟವನ್ನು ಕನ್ನಡ ಮಾಡುವುದನ್ನು ಆನ್ ಮಾಡಿದೆ, ಇತ್ತು. ಅಷ್ಟರಲ್ಲಿ ಒಬ್ಬರು ಜಾತಿ ಪತ್ರಕ್ಕೆ ಬಂದರು, ಮಾಡಿಕೊಟ್ಟೆ. ಅವರು ಚೀಟಿ ನೋಡಿ, "ಓ, ಅಮ್ಮಾರು ಬಂದವ್ರೆ," ಅಂದರು. ಅತ್ತೆ ಅಲ್ಲೇ ಕೂತಿದ್ದಾರೆಂದು ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡರು.

ಜಾಹೀರಾತು ತಡೆಯುವುದನ್ನು ಆನ್ ಮಾಡಿದೆ. ಪುಟವನ್ನು ಮತ್ತೆ ತೆರೆದೆ. ಚೀಟಿ ಇಲ್ಲ. ಬಂದ್ ಮಾಡಿ ತೆರೆದೆ, ಬಂತು. ಆನ್ ಮಾಡಿ ತೆರೆದೆ, ಹೋಯಿತು.

ಸಿರಾದ ರಿಪೇರಿಯವರಿಗೆ ಫೋನ್ ಮಾಡಿ ಕೇಳಿದೆ. ಹೌದು, ಅಪ್‌ಡೇಟ್ ಜೊತೆಗೆ ಅದೂ ಹೊಸದಾಗಿದೆ, ಈಗ ಪುಟದ ಮೇಲೆ ತೇಲುವುದನ್ನೆಲ್ಲ ಕಸ ಎಂದು ಗುಡಿಸುತ್ತದೆ ಅಂದರು. ಅದನ್ನು ತಂದು ಹಾಕಿದ್ದವಳು ಅವಳೇ. ಕೆಲಸದ ಸುದ್ದಿಯ ಪುಟಗಳಲ್ಲಿ ಹೊಳೆಯುವ ಗುಂಡಿಗಳನ್ನು ಜನ ಒತ್ತಿ ಮೋಸ ಹೋಗುತ್ತಾರೆಂದು ಹಾಕಿದ್ದಳು. ಅವಳು ಕಾವಲಿಗೆ ಇಟ್ಟದ್ದೇ ಅವಳನ್ನು ಹೊರಗೆ ಹಾಕಿತ್ತು. ಬಡ್ಡಿಗೆ ಸಾಲ ಕೊಡುತ್ತೇವೆ, ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎನ್ನುವವರ ಸಾಲಿನಲ್ಲಿ ನನ್ನ ಹೆಂಡತಿಯ ಮಾತನ್ನೂ ನಿಲ್ಲಿಸಿತ್ತು. ಯಂತ್ರಕ್ಕೆ ಏನು ಗೊತ್ತು ಎಂದು ಜನ ಅನ್ನುತ್ತಾರೆ. ನಿಜ. ಆದರೆ ಗೊತ್ತಿಲ್ಲದ್ದರ ಮೇಲೆ ಕೈಮಾಡದೆ ಇರುವುದೂ ಅದಕ್ಕೆ ಗೊತ್ತಿಲ್ಲ.

ಮೊದಲು ಅದನ್ನು ಪೂರ್ತಿ ಬಂದ್ ಮಾಡಿಬಿಟ್ಟೆ. ಅಕ್ಕ ಮತ್ತೊಮ್ಮೆ ಬಂದದ್ದು ಆ ದಿನವೇ. ಯಾರಿಗೋ ಕೆಲಸದ ಸುದ್ದಿ ತೋರಿಸುತ್ತಿದ್ದೆ. ಪಕ್ಕದಲ್ಲಿ ಸೀರೆಯುಟ್ಟ ಹೆಣ್ಣೊಂದು ನಗುತ್ತಾ, ಎರಡನೇ ಮದುವೆಗೆ ಸಂಬಂಧ ಬೇಕೇ ಎಂದು ಕೇಳುವ ಜಾಹೀರಾತು ಹೊಳೆಯಿತು. ಅಕ್ಕ ಓದಬಲ್ಲವಳು.

"ನೋಡ್ಲಾ, ಅದೇ ಹೇಳ್ತೈತೆ," ಅಂದಳು. ನಗಿಸಲು ಅಂದದ್ದು ಅರ್ಧ, ನಿಜ ಅರ್ಧ. "ನಮ್ಮೂರ ತಾವ ಒಂದು ಐತೆ ಕಣ್ಲಾ. ಗಂಡ ಬುಟ್ಟೋನೆ. ಮಕ್ಕಳಿಲ್ಲ."

"ಅಕ್ಕಾ, ಅತ್ತೆ ಒಳಗವ್ರೆ."

"ಒಳಗಿದ್ರೆ ಏನಾಯ್ತು? ಅವ್ರಿಗೇನು ತಿಳಿಯಾಕಿಲ್ವಾ?"

ಅತ್ತೆಗೆ ತಿಳಿದಿತ್ತು. ಬಾಗಿಲಲ್ಲೇ ನಿಂತಿದ್ದರು. ಅಕ್ಕನಿಗೆ ಮಜ್ಜಿಗೆ ಕೊಟ್ಟು, "ಸಂವತ್ಸರ ಕಳೀನಿ ಅಮ್ಮಾ," ಅಂದರು, ವರ್ಷ ತುಂಬಲಿ ಎಂದು. ಬೇಡ ಅನ್ನಲಿಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು.

ಜಾಹೀರಾತು ತಡೆಯುವುದನ್ನು ಪೂರ್ತಿ ಬಂದ್ ಮಾಡಬೇಕಾಗಿಲ್ಲ, ಒಂದೊಂದು ತಾಣದಲ್ಲಿ ಮಾತ್ರ ಸುಮ್ಮನಿರು ಎಂದು ಹೇಳಬಹುದು ಎಂದು ಹುಡುಕಿ ಕಂಡುಕೊಂಡೆ. ಸರ್ಕಾರಿ ಪುಟಗಳಲ್ಲಿ ಹೇಗೂ ಜಾಹೀರಾತು ಇರುವುದಿಲ್ಲ. ಪಹಣಿಯ ತಾಣ ತೆರೆದು ಅದರ ಗುರಾಣಿಯಂಥ ಗುರುತನ್ನು ಒತ್ತಿದೆ, ಅಲ್ಲಿ ಚೀಟಿ ನಿಂತಿತು. ಪಿಂಚಣಿಯದಕ್ಕೆ ಹಾಗೇ ಮಾಡಿದೆ. ಹೀಗೆ ಒಂದೊಂದೇ ಮಾಡುತ್ತಾ ಹೋದೆ. ಹಳೆಯ ಬೈಗುಳಗಳೆಲ್ಲ ತಿರುಗಿ ಬಂದವು. ಬಂದೂಕಿನದೂ ಬಂತು. ಪ್ರತಿಯೊಂದನ್ನೂ ಅತ್ತೆಗೆ ಓದಿ ಹೇಳಿದೆ. ಕೆಲವಕ್ಕೆ ನಕ್ಕರು. ಕೆಲವಕ್ಕೆ ಸೆರಗು ಬಾಯಿಗೆ ಹಿಡಿದರು. ಒಂದು ಸಲ ಮಾತ್ರ, "ನಾ ಗುರಿಂಚಿ ಏಮೀ ರಾಯಲೇದಾ?" ಅಂದರು. ನನ್ನ ವಿಷಯ ಏನೂ ಬರೆದಿಲ್ಲವೇ ಎಂದು.

"ಇವೆಲ್ಲ ಅರ್ಜಿ ತುಂಬೋ ವಿಷಯ ಅಷ್ಟೇ ಅಮ್ಮ," ಅಂದೆ.

"ಸರೇ," ಅಂದರು.

ಕೊನೆಗೆ ಉಳಿದದ್ದು ಆ ಪುಟ. ಅತ್ತೆ ನೀರಿಗೆ ಹೋಗಿದ್ದಾಗ ತೆರೆದೆ. ತಡೆಯುವುದನ್ನು ಆ ತಾಣದಲ್ಲಿ ಬಂದ್ ಮಾಡಿ ಮತ್ತೆ ತೆರೆದೆ. ಪುಟ ನಿಧಾನಕ್ಕೆ ಬಂತು. ಮೇಲೆ ಸರ್ಕಾರದ ಮುದ್ರೆ, ಕೆಳಗೆ ಖಾಲಿ ಚೌಕಗಳು. ಬಲಮೂಲೆಯಲ್ಲಿ ಏನೂ ಇರಲಿಲ್ಲ. ಕೆಳಗಿನವರೆಗೆ ಸರಿಸಿ ನೋಡಿದೆ. ಮುಂದಿನ ಪುಟಕ್ಕೂ ಹೋಗಿ ನೋಡಿದೆ.

ಮತ್ತೆ ಎಲ್ಲವನ್ನೂ ಬಂದ್ ಮಾಡಿದೆ. ಚೀಟಿಯದೊಂದನ್ನೇ ಬಿಟ್ಟೆ. ಆದಾಯ ಪತ್ರದಲ್ಲಿ ಇದೆ, ಪಹಣಿಯಲ್ಲಿ ಇದೆ, ಇಲ್ಲಿ ಇಲ್ಲ. ಕಂಪ್ಯೂಟರನ್ನೇ ಬಂದ್ ಮಾಡಿ ಹಚ್ಚಿದೆ. ಇಲ್ಲ. ಹೊಡೆದಾಟ ಯಾವುದೂ ಇಲ್ಲ, ಯಾವುದೂ ಏನನ್ನೂ ಮುಚ್ಚಿಲ್ಲ. ಚೀಟಿ ಎಕ್ಸ್‌ಟೆನ್ಷನ್ನಿನ ಒಳಗೆ ಎಲ್ಲ ಚೀಟಿಗಳನ್ನೂ ಒಟ್ಟಿಗೆ ತೋರಿಸುವ ಜಾಗ ಒಂದಿತ್ತು, ಅಲ್ಲೂ ನೋಡಿದೆ. ಅವಳು ಆ ಪುಟಕ್ಕೆ ಏನೂ ಬರೆದಿರಲಿಲ್ಲ. ಒಂದಿತ್ತು, ಕಳೆಯಿತು ಎಂದುಕೊಳ್ಳುವ ಹಾಗೂ ಇರಲಿಲ್ಲ.

ಊರಿನ ಎಲ್ಲರ ಕಾಗದಕ್ಕೂ ನನ್ನನ್ನು ತಯಾರು ಮಾಡಿದಳು, ತನ್ನದೊಂದಕ್ಕೆ ಮಾಡಲಿಲ್ಲ. ಯಾಕೆ ಎಂದು ಎಷ್ಟೋ ಥರ ಯೋಚಿಸಿದ್ದೇನೆ. ಬದುಕುತ್ತೇನೆಂದು ನಂಬಿದ್ದಳೋ, ಬರೆಯಲು ಕೂತು ಕೈ ಬರಲಿಲ್ಲವೋ, ಅಥವಾ ಅಲ್ಲಿಯವರೆಗೆ ಇವನು ಕಲಿತಿರುತ್ತಾನೆ ಬಿಡು ಎಂದುಕೊಂಡಳೋ. ಜನರನ್ನು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಚೆಂದದ ಅರ್ಥ ಹೇಳುತ್ತಾರೆ. ನನಗೆ ಯಾವುದೂ ಬೇಡ. ನನಗೆ ಸಿಟ್ಟಿದೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತು ತಿರುಗಿದವನಿಗೆ ಒಂದು ಬೈಗುಳವನ್ನಾದರೂ ಇಡಬಹುದಿತ್ತು.

ಆವತ್ತೇ ಅರ್ಜಿ ತುಂಬಿದೆ. ಹೆಸರು, ಊರು, ಹೋಬಳಿ. ಗಂಡನ ಹೆಸರು. ಎಲ್ಲಿ ತೀರಿಕೊಂಡರು, ಮನೆಯಲ್ಲಿ. ಕಾರಣ. ಕಾಗದಗಳನ್ನು ಒಂದೊಂದಾಗಿ ಸೇರಿಸಿ ಕಳಿಸಿದೆ. ನೀರು ತಂದಿಟ್ಟು ಬಂದ ಅತ್ತೆ, "ಅಯಿಪೋಯಿಂದಾ?" ಎಂದು ಕೇಳಿದರು. ಆಯಿತು ಅಂದೆ.

ಕೆಲವು ದಿನ ಬಿಟ್ಟು ಕಚೇರಿಯಿಂದ ಫೋನ್ ಬಂತು. ಅಂಗಡಿಯಲ್ಲಿ ಜನ ಇದ್ದರು. ಮಾತಾಡಿದವರು ನಮ್ಮ ಸೆಂಟರಿನ ಅರ್ಜಿಗಳನ್ನು ದಿನವೂ ನೋಡುವವರು, ಆದರೆ ನನ್ನ ಮನೆಯ ವಿಷಯ ಅವರಿಗೆ ತಿಳಿದಿರಲಿಲ್ಲ.

"ಏನ್ರೀ, ನಿಮ್ ಸೆಂಟರ್‌ನಿಂದ ಒಂದು ಮರಣದ ಅರ್ಜಿ ಬಂದಿದೆಯಲ್ಲ. ತೀರ್ಕೊಂಡಿರೋರ ಗುರುತಿನ ಚೀಟಿ ಹಾಕೋ ಜಾಗದಲ್ಲಿ ನಿಮ್ಮ ಕಾರ್ಡೇ ಹಾಕಿದೀರ. ಮೀಸೆ ಬಿಟ್ಕೊಂಡಿರೋ ಫೋಟೊ ಐತೆ. ಯಾರು ಸ್ವಾಮಿ ಸತ್ತಿರೋದು, ನೀವಾ, ಬೇರೆಯೋರಾ?"

ಅವರು ನಗುತ್ತಿದ್ದರು. ಬೆಳಗಿಂದ ಅರ್ಜಿ ನೋಡಿ ನೋಡಿ ಬೇಸತ್ತವರ ನಗು. ಅವರದು ತಪ್ಪೇನೂ ಇಲ್ಲ. ನಾನು ದಿನವೂ ಮಾಡುವ ಹಾಗೆ ಅರ್ಜಿದಾರರ ಕಾರ್ಡನ್ನು ಮೊದಲ ಜಾಗಕ್ಕೆ ಹಾಕಿದ್ದೆ. ಈ ಅರ್ಜಿಯಲ್ಲಿ ಮೊದಲ ಜಾಗ ಸತ್ತವರದು.

"ನಮ್ಮನೆಯೋರು," ಅಂದೆ.

ಆ ಕಡೆ ನಗು ನಿಂತಿತು. "ವಾಪಸ್ ಕಳ್ಸಿದೀನಿ," ಅಂದರು ಬೇರೆ ದನಿಯಲ್ಲಿ. "ಸರಿ ಮಾಡಿ ಹಾಕಿ. ಇವತ್ತೇ ಮಾಡ್ಕೊಡ್ತೀನಿ."

ಬೆಂಚಿನ ಮೇಲಿದ್ದವರಿಗೆ ಸ್ವಲ್ಪ ಕೂತಿರಿ ಎಂದೆ. ಅವಳ ಕಾರ್ಡನ್ನು ಸ್ಕ್ಯಾನ್ ಮಾಡಿ ಆ ಜಾಗಕ್ಕೆ ಹಾಕಿದೆ. ಫೋಟೊ ದೊಡ್ಡದಾಯಿತೆಂದು ಕೆಂಪಕ್ಷರ ಬಂತು. ಕಮ್ಮಿ ಮಾಡಿದೆ. ತೆಗೆದುಕೊಂಡಿತು. ಆಮೇಲೆ ಬೆಂಚಿನಲ್ಲಿ ಮೊದಲು ಕೂತಿದ್ದವರ ರೇಷನ್ ಕಾರ್ಡಿಗೆ ಕೈ ಚಾಚಿದೆ.